ಎಂಜಿನ್ ಸದ್ದಿಗೆ ಮರುಳಾಗಿ ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟವರಿಗೆ

ಕಳೆದ ವರ್ಷ ಮಳೆಗಾಲಕ್ಕೆ ಸ್ವಲ್ಪ ಮುಂಚೆ ಹಾಸನದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ನಾಲ್ಕು ಸಿಲಿಂಡರಿನ ಟರ್ಬೊ ಪೆಟ್ರೋಲ್ ಎಂಜಿನ್ ಇರುವ ಸಣ್ಣ ಕಾರು ಅದು. ಬಡವರ ಸ್ಪೋರ್ಟ್ಸ್ ಕಾರು ಎಂದು ನಮ್ಮ ಕಡೆಯ ಹುಡುಗರು ಹೇಳಿಕೊಳ್ಳುವಂಥದ್ದು. ಮಾರಿದವರ ಹೆಸರನ್ನಾಗಲಿ ಕಾರಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಕಾರ್ಖಾನೆಯಿಂದ ಬಂದಾಗ ಅದು ಒಳ್ಳೆಯ ಕಾರೇ ಆಗಿತ್ತು ಎಂಬುದು ಈಗ ನನಗೆ ಚೆನ್ನಾಗಿ ಗೊತ್ತು. ನಾನು ಮೋಸಹೋದದ್ದು ಆಮೇಲೆ ಅದಕ್ಕೆ ಮಾಡಿಸಿದ್ದ ಅಲಂಕಾರಕ್ಕೆ.

ಓಡಿಸಿ ನೋಡಲು ದಲ್ಲಾಳಿ ನನ್ನನ್ನು ಕರೆದುಕೊಂಡು ಹೋದದ್ದು ಊರ ಹೊರಗಿನ ನಾಲ್ಕು ಪಥದ ಹೆದ್ದಾರಿಗೆ. ಸಂಜೆಯ ಹೊತ್ತು, ನುಣುಪಾದ ಡಾಂಬರು, ಕಿಟಕಿ ಇಳಿಸಿದ್ದೆವು. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಹಿಂದಿನಿಂದ ಎದ್ದ ಆ ಗುಡುಗಿಗೆ ನನ್ನ ನಲವತ್ತೆರಡು ವರ್ಷದ ವಿವೇಕವೆಲ್ಲ ಹಾರಿಹೋಯಿತು. ಸರ್ವಿಸ್ ರಸ್ತೆಗೆ ಇಳಿಯುವಾಗ ಕಾರು ಒಮ್ಮೆ ಧಡಕ್ಕನೆ ಕುಕ್ಕಿತು. ಕೇಳಿದ್ದಕ್ಕೆ ದಲ್ಲಾಳಿ, "ಸ್ಪೋರ್ಟ್ಸ್ ಗಾಡಿ ಸಾರ್, ಸ್ವಲ್ಪ ಗಟ್ಟಿ ಇರುತ್ತೆ, ಅದೇ ಅದರ ಮಜಾ" ಎಂದ. ಆ ಮಾತನ್ನು ನಾನು ತಿಳಿವಳಿಕೆಯುಳ್ಳವನಂತೆ ತಲೆಯಾಡಿಸಿ ಒಪ್ಪಿಕೊಂಡೆ. ಹತ್ತು ನಿಮಿಷದ ಆ ಓಟ ಮುಗಿಸಿ ಐವತ್ತು ಸಾವಿರ ಅಡ್ವಾನ್ಸ್ ಕೊಟ್ಟೆ. ಒಟ್ಟು ಬೆಲೆ ನಾಲ್ಕು ಲಕ್ಷ ಅರವತ್ತು ಸಾವಿರ.

ಕಾರು ಕೈಗೆ ಬಂದ ದಿನ ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ ಬರುವಾಗಲೇ ಮೊದಲ ಅನುಮಾನ ಹುಟ್ಟಿತು. ಐದನೇ ಗೇರಿನಲ್ಲಿ ಗಂಟೆಗೆ ಎಂಬತ್ತು ಕಿಲೋಮೀಟರಿನಂತೆ ಹೋಗುತ್ತಿದ್ದರೆ ಎಂಜಿನ್ ನಿಮಿಷಕ್ಕೆ ಸುಮಾರು 2,400 ಸುತ್ತಿನಲ್ಲಿರುತ್ತಿತ್ತು. ಸರಿಯಾಗಿ ಅಲ್ಲಿಗೆ ಬಂದಾಗ ಗುಡುಗು ನಿಂತು ಗುಂಯ್ ಎಂಬ ಒಂದೇ ಶ್ರುತಿಯ ನಾದ ಕಾರಿನ ಒಳಗೆಲ್ಲ ತುಂಬಿಕೊಳ್ಳುತ್ತಿತ್ತು. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಬಾರಿ ಉರಿಯುವುದರಿಂದ 2,400 ಸುತ್ತೆಂದರೆ ಸೆಕೆಂಡಿಗೆ 80 ಮಿಡಿತ. ಕಿವಿಗೆ ಕೇಳುವುದಕ್ಕಿಂತ ಹೆಚ್ಚಾಗಿ ಎದೆಗೂ ತಲೆಬುರುಡೆಗೂ ತಟ್ಟುವ ತಗ್ಗಿನ ಸದ್ದು ಅದು. ಕಂಪನಿಯ ಸೈಲೆನ್ಸರಿನೊಳಗಿನ ಕೋಣೆಗಳು ಇಂಥ ನಾದವನ್ನು ಅಡಗಿಸಲೆಂದೇ ಲೆಕ್ಕ ಹಾಕಿ ಮಾಡಿದವು. ಈ ಕಾರಿನಲ್ಲಿ ಮಾಡಿದ್ದಂತೆ ಅದನ್ನು ಕಿತ್ತು ನೇರ ಕೊಳವೆ ಹಾಕಿದರೆ ಆಕ್ಸಿಲರೇಟರ್ ಒತ್ತಿದಾಗ ಸಿಗುವ ಎರಡು ಸೆಕೆಂಡಿನ ಸುಖಕ್ಕೆ ಪ್ರತಿಯಾಗಿ ಒಂದೇ ವೇಗದಲ್ಲಿ ಹೋಗುವ ಪ್ರಯಾಣದುದ್ದಕ್ಕೂ ಈ ಗುಂಯ್‌ಗುಡುವಿಕೆಯನ್ನು ಸಹಿಸಬೇಕಾಗುತ್ತದೆ. ಬೇಲೂರು ದಾಟುವಷ್ಟರಲ್ಲಿ ತಲೆನೋವು ಬಂದಿತ್ತು. ಹೊಸ ಕಾರಿನ ಸಂಭ್ರಮದಲ್ಲಿ ಅದನ್ನು ಬಿಸಿಲಿನ ಮೇಲೆ ಹಾಕಿದೆ.

ನಿಜವಾದ ಪೆಟ್ಟು ಬಿದ್ದದ್ದು ಎರಡು ವಾರದ ನಂತರ. ಬಾಳೆಹೊನ್ನೂರಿನಲ್ಲಿ ನೆಂಟರ ಗೃಹಪ್ರವೇಶವಿತ್ತು. ಅಮ್ಮ, ಚಿಕ್ಕಮ್ಮ ಹಿಂದಿನ ಸೀಟಿನಲ್ಲಿ, ಹೆಂಡತಿ ಮುಂದೆ. ಡಿಕ್ಕಿಯಲ್ಲಿ ಎರಡು ಬಾಳೆಗೊನೆ. ಆಲ್ದೂರಿನ ಕಡೆ ತಿರುವುಗಳು ಆರಂಭವಾದ ಮೇಲೆ ಪ್ರತಿ ಗುಂಡಿಗೂ ಹಿಂದಿನಿಂದ ಅಮ್ಮನ "ಅಯ್ಯಪ್ಪಾ" ಕೇಳುತ್ತಿತ್ತು. ಕೊನೆಗೆ ಆಕೆ, "ಇದಕ್ಕಿಂತ ನಿಮ್ಮಪ್ಪನ ಹಳೇ ಜೀಪೇ ವಾಸಿ ಇತ್ತು ಕಣೋ, ಅದರಲ್ಲಿ ಮಾತಾದ್ರೂ ಕೇಳ್ತಿತ್ತು" ಎಂದರು. ಅದೂ ನನಗೆ ಸರಿಯಾಗಿ ಕೇಳಿಸಲಿಲ್ಲ. ಹೆಂಡತಿ ಮತ್ತೊಮ್ಮೆ ಹೇಳಬೇಕಾಯಿತು. ಅದಾಗಿ ಐದು ನಿಮಿಷದೊಳಗೆ ಒಂದು ಶಾಲೆಯ ಮುಂದಿನ ಹಂಪ್ಸ್ ಮೇಲೆ, ತೀರ ನಿಧಾನವಾಗಿ ಹತ್ತಿಸಿದರೂ, ಕಾರಿನ ಹೊಟ್ಟೆ ಕರ್ರನೆ ಉಜ್ಜಿತು. ಇಳಿದು ನೋಡಿದರೆ ಎಂಜಿನ್ ಕೆಳಗೆ ಎಣ್ಣೆ ಹನಿಹನಿಯಾಗಿ ಬೀಳುತ್ತಿತ್ತು. ಅಲ್ಲೇ ಎಂಜಿನ್ ಆಫ್ ಮಾಡಿದ್ದೊಂದೇ ಈ ಇಡೀ ವ್ಯವಹಾರದಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ. ಎಣ್ಣೆ ಸೋರುವುದು ಗೊತ್ತಿದ್ದೂ ಓಡಿಸಿ ಎಂಜಿನ್ ಹಿಡಿದುಕೊಂಡರೆ ಸಾಮಾನ್ಯ ಇನ್ಶೂರೆನ್ಸ್ ಪಾಲಿಸಿಯಲ್ಲಿ ಆ ನಷ್ಟ ಸಿಗುವುದಿಲ್ಲ. ಅಮ್ಮ ಮತ್ತು ಚಿಕ್ಕಮ್ಮ ರೇಷ್ಮೆ ಸೀರೆಯಲ್ಲಿ ಬಸ್ಸು ಹತ್ತಿ ಗೃಹಪ್ರವೇಶಕ್ಕೆ ಹೋದರು, ಬಾಳೆಗೊನೆ ಕಾರಿನಲ್ಲೇ ಉಳಿಯಿತು.

ಊರಿನ ಹಳೆಯ ಮೆಕ್ಯಾನಿಕ್ ಕಾರನ್ನು ಲಿಫ್ಟಿಗೆ ಏರಿಸಿ ಟಾರ್ಚ್ ಹಿಡಿದು ಕರೆದು ತೋರಿಸಿದರು. ಮುಂದಿನ ಸ್ಪ್ರಿಂಗಿನ ಕೊನೆಯ ಸುರುಳಿಯ ತುದಿಯಲ್ಲಿ ಗ್ರೈಂಡರಿನಿಂದ ಕತ್ತರಿಸಿದ ಗುರುತು ಸ್ಪಷ್ಟವಾಗಿತ್ತು. ಅದರ ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಕಾರನ್ನು ತಗ್ಗಿಸಿ ಚೆಂದ ಕಾಣಿಸಲು ಹಿಂದಿನ ಮಾಲೀಕ ನಾಲ್ಕೂ ಸ್ಪ್ರಿಂಗ್ ಕತ್ತರಿಸಿಬಿಟ್ಟಿದ್ದ. ಮೂಲದಲ್ಲಿ 165 ಮಿಲಿಮೀಟರ್ ಇದ್ದ ನೆಲದ ಅಂತರ, ಮೆಕ್ಯಾನಿಕ್ ಅಳೆದಾಗ ಜನ ಕೂರದೆಯೇ 125ಕ್ಕೆ ಇಳಿದಿತ್ತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಹಂಪ್ಸ್ 10 ಸೆಂಟಿಮೀಟರ್ ಎತ್ತರ ಇರಬೇಕು. ನಾಲ್ಕು ಜನ ಕೂತು ಇನ್ನಷ್ಟು ಕುಗ್ಗಿದ ಕಾರು ಆ ಮಾನದಂಡದ ಹಂಪ್ಸನ್ನೇ ಪ್ರಯಾಸದಿಂದ ದಾಟೀತು. ಊರಿನವರು ರಾತ್ರೋರಾತ್ರಿ ಹಾಕಿಸಿದ ದಿಬ್ಬದ ಮಾತು ಬೇರೆ. ಸ್ಪ್ರಿಂಗಿನಲ್ಲಿ ಸುರುಳಿ ಕಡಿಮೆಯಾದಷ್ಟೂ ಅದು ಗಟ್ಟಿಯಾಗುತ್ತದೆ. ಜೊತೆಗೆ ಚಕ್ರ ಮೇಲೆ ಕೆಳಗೆ ಆಡಲು ಇದ್ದ ಜಾಗವೂ ಕಡಿಮೆಯಾಗುವುದರಿಂದ ಸಣ್ಣ ಗುಂಡಿಗೂ ಶಾಕ್ ಅಬ್ಸಾರ್ಬರ್ ತಳ ಮುಟ್ಟಿ, ಕೊನೆಯ ರಕ್ಷಣೆಗೆಂದು ಇಟ್ಟಿರುವ ರಬ್ಬರಿನ ತುಂಡಿಗೆ ಬಡಿಯುತ್ತದೆ. ಮಜಾ ಎಂದು ದಲ್ಲಾಳಿ ಹೇಳಿದ ಗಟ್ಟಿತನ ಆ ಬಡಿತವೇ ಆಗಿತ್ತು. ಹಿಂದಿನ ಎರಡೂ ಶಾಕ್ ಅಬ್ಸಾರ್ಬರುಗಳಿಂದ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿತ್ತು.

ಟೈರಿನ ಕಥೆಯೂ ಇದೇ. ಕಂಪನಿ ಕೊಟ್ಟಿದ್ದ 185/60 ಆರ್15 (185 ಮಿಲಿಮೀಟರ್ ಅಗಲ, ಅದರ ಶೇಕಡಾ 60ರಷ್ಟು ಎತ್ತರದ ಗೋಡೆ, 15 ಇಂಚಿನ ರಿಮ್ಮು) ಟೈರಿನ ಜಾಗದಲ್ಲಿ 215/40 ಆರ್17 ಹಾಕಿಸಿದ್ದರು. ಹೊರಗಿನ ವ್ಯಾಸ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಆದರೆ ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರಿನ ಗೋಡೆ 111 ಮಿಲಿಮೀಟರಿನಿಂದ 86ಕ್ಕೆ ಇಳಿಯುತ್ತದೆ. ಗಾಳಿ ತುಂಬಿದ ಆ 25 ಮಿಲಿಮೀಟರಿನ ಬೆಲೆ ಮಲೆನಾಡಿನ ರಸ್ತೆಯಲ್ಲಿ ಮಳೆಗಾಲ ಮುಗಿದ ಮೇಲೆ ತಿಳಿಯುತ್ತದೆ. ನನ್ನ ಎರಡು ರಿಮ್ಮುಗಳು ಆಗಲೇ ಬೆಂಡಾಗಿದ್ದವು.

ಇಷ್ಟನ್ನೂ ತೋರಿಸಿದ ಮೇಲೆ ಮೆಕ್ಯಾನಿಕ್ ಎಡಗಡೆಯ ಮುಂದಿನ ಚಕ್ರವನ್ನು ಕೈಯಿಂದಲೇ ತಿರುಗಿಸಿ, "ಕೇಳಿ ಸಾರ್" ಎಂದರು. ರಾಗಿ ಬೀಸುವಂತೆ ಗರಗರ ಸದ್ದು ಬರುತ್ತಿತ್ತು, ಬೇರಿಂಗ್ ಸತ್ತಿತ್ತು. ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕಂಟ್ರೋಲ್ ಆರ್ಮಿನ ರಬ್ಬರ್ ಬುಷ್‌ಗಳು ಹರಿದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ಇವೆಲ್ಲ ಸಾಮಾನ್ಯ ಕಾರಿನಲ್ಲಿದ್ದರೆ ಮೊದಲ ಅರ್ಧ ಕಿಲೋಮೀಟರಿನಲ್ಲೇ ಯಾರಿಗಾದರೂ ಕೇಳಿಸುವ ದೋಷಗಳು. ಆ ಸೈಲೆನ್ಸರಿನ ಗದ್ದಲದಲ್ಲಿ ಒಂದೂ ಕೇಳಿಸಲಿಲ್ಲ. ಈ ಬರಹ ಬರೆಯುತ್ತಿರುವುದೇ ಈ ಒಂದು ಸಂಗತಿಗಾಗಿ: ಹಳೆಯ ಕಾರಿನಲ್ಲಿ ಜೋರು ಸದ್ದು ಇತರ ಎಲ್ಲ ಸದ್ದುಗಳ ಮೇಲೆ ಹೊದಿಸಿದ ಕಂಬಳಿಯಂತೆ ಕೆಲಸ ಮಾಡುತ್ತದೆ, ಮಾರುವವರಿಗೆ ಅದು ಗೊತ್ತಿರುತ್ತದೆ.

ಸ್ಪೋರ್ಟ್ಸ್ ಕಾರು ಎಂದ ಮೇಲೆ ಬೆನ್ನು ಮುರಿಯಲೇಬೇಕು ಎಂಬುದೂ ಸುಳ್ಳು. ಕಡಿಮೆ ಬೆಲೆಯ ಸ್ಪೋರ್ಟ್ಸ್ ಕಾರಿಗೆ ಪ್ರಪಂಚದೆಲ್ಲೆಡೆ ಉದಾಹರಣೆಯಾಗಿ ಹೇಳುವ ಮಾಜ್ದಾ ಎಮ್ಎಕ್ಸ್-5, 1989ರಲ್ಲಿ ಬಂದಾಗ ಒಂದು ಟನ್ನಿಗಿಂತ ಕಡಿಮೆ ತೂಗುತ್ತಿತ್ತು. ಹಗುರವಾದದ್ದಕ್ಕೆ ಅತಿ ಗಟ್ಟಿಯಾದ ಸ್ಪ್ರಿಂಗ್ ಬೇಕಾಗುವುದಿಲ್ಲ. 2012ರಲ್ಲಿ ಬಂದ ಟೊಯೋಟಾ 86ರಲ್ಲಿ ಎಂಜಿನ್ ಗಾಳಿ ಎಳೆದುಕೊಳ್ಳುವ ಸದ್ದನ್ನು ಒಂದು ಕೊಳವೆಯ ಮೂಲಕ ಚಾಲಕನ ಕಡೆಗೆ ಹಾಯಿಸಿದರು. ಅದು ಬೀದಿಯವರ ನಿದ್ದೆ ಕೆಡಿಸದೆ ಓಡಿಸುವವನಿಗಷ್ಟೇ ಕೇಳಿಸುವ ಉಪಾಯ. ಸದ್ದನ್ನು ರೂಪಿಸುವುದೂ ಒಂದು ಕುಶಲ ಕೆಲಸ, ಕೊಳವೆ ಕತ್ತರಿಸುವುದು ಆ ಕೆಲಸವಲ್ಲ.

ಕಾನೂನಿನ ಭಾಗವೂ ನನ್ನ ಮೇಲೆಯೇ ಬಂತು. ನೋಂದಣಿಯಲ್ಲಿರುವ ಮೂಲ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಮು ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ನಂತರ ಅಕ್ರಮ ಮಾರ್ಪಾಟು ಒಂದೊಂದಕ್ಕೂ ಅದನ್ನು ಮಾಡಿಸಿದ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ಶಬ್ದ ಮತ್ತು ಹೊಗೆಯ ಮಿತಿ ಮೀರಿದ ವಾಹನವನ್ನು ಓಡಿಸಿದವನಿಗೆ ಮೊದಲ ಬಾರಿಗೇ 10,000 ರೂಪಾಯಿವರೆಗೆ ದಂಡ ಬೀಳಬಹುದು, ಲೈಸೆನ್ಸಿಗೂ ಕುತ್ತು. ಹಿಂದಿನ ಮಾಲೀಕ ಮಾಡಿಸಿದ್ದು ಎಂಬ ಉತ್ತರ ಸ್ಟೀರಿಂಗ್ ಹಿಡಿದು ಕೂತವನನ್ನು ಉಳಿಸುವುದಿಲ್ಲ. ದಲ್ಲಾಳಿಗೆ ಫೋನ್ ಮಾಡಿದರೆ, "ನೀವೇ ಓಡಿಸಿ ನೋಡಿ ಒಪ್ಪಿದ್ರಲ್ಲ ಸಾರ್" ಎಂದ. ಅದು ನಿಜವೇ ಆಗಿದ್ದರಿಂದ ಜಗಳಕ್ಕೆ ಹಿಡಿತ ಸಿಗಲಿಲ್ಲ.

ಮೂಲ ಸ್ಪ್ರಿಂಗ್, ನಾಲ್ಕು ಶಾಕ್ ಅಬ್ಸಾರ್ಬರ್, ಬುಷ್, ಬೇರಿಂಗ್, ಹಂಪ್ಸಿಗೆ ಉಜ್ಜಿ ಸೋರಿದ ಆಯಿಲ್ ಸಂಪ್ (ಎಂಜಿನ್ ತಳದ ಎಣ್ಣೆ ತೊಟ್ಟಿ), ಹದಿನೈದು ಇಂಚಿನ ರಿಮ್ಮು ಟೈರು, ಕಂಪನಿಯ ಸೈಲೆನ್ಸರ್ ಎಲ್ಲ ಸೇರಿ ಒಂದು ಲಕ್ಷದ ಮೂವತ್ತೆಂಟು ಸಾವಿರ ಹೋಯಿತು. ಕಾರು ನೋಡಲು ಹೋಗುವವರು ದಲ್ಲಾಳಿ ಆರಿಸಿದ ರಸ್ತೆಯಲ್ಲಿ ಓಡಿಸಬೇಡಿ. ನಿಮ್ಮ ಮನೆಗೆ ಹೋಗುವ ರಸ್ತೆಯಂಥದ್ದನ್ನೇ ಹುಡುಕಿ, ಹಿಂದಿನ ಸೀಟಿನಲ್ಲಿ ಮನೆಯ ಹಿರಿಯರೊಬ್ಬರನ್ನು ಕೂರಿಸಿಕೊಂಡು, ಕಿಟಕಿ ಏರಿಸಿ, ಒಂದೇ ವೇಗದಲ್ಲಿ ಇಪ್ಪತ್ತು ನಿಮಿಷ ಓಡಿಸಿ. ಸೈಲೆನ್ಸರ್ ಬದಲಾಗಿದ್ದರೆ, ಲಿಫ್ಟಿಗೆ ಏರಿಸಿ ನಾಲ್ಕೂ ಚಕ್ರ ಕೈಯಿಂದ ತಿರುಗಿಸದೆ ಅಡ್ವಾನ್ಸ್ ಕೊಡಬೇಡಿ. ಸ್ಪ್ರಿಂಗಿನ ತುದಿಗಳನ್ನು ಬೆರಳಿನಿಂದ ಸವರಿ ನೋಡಿ.

ಕಾರು ಈಗ ಮೆತ್ತಗಿದೆ, ತಿರುವಿನಲ್ಲಿ ಮೊದಲಿಗಿಂತ ಚೆನ್ನಾಗಿ ನೆಲ ಹಿಡಿಯುತ್ತದೆ, ಅಮ್ಮ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಾರೆ. ಬಿಚ್ಚಿದ ಸೈಲೆನ್ಸರ್ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಕೊಳ್ಳುತ್ತೇವೆಂದು ಒಂದೇ ವಾರದಲ್ಲಿ ಇಬ್ಬರು ಹುಡುಗರು ಬಂದು ಕೇಳಿ ಹೋದರಂತೆ. ಮೂರನೆಯವನು ಬರುವ ಮುನ್ನ ಗ್ರೈಂಡರಿನಲ್ಲಿ ಎರಡು ತುಂಡು ಮಾಡಿಸಿ ಗುಜರಿಗೆ ಹಾಕಿದೆ.