ಆರ್‌ಟಿಕೆ ತಂತ್ರಾಂಶ: ಗ್ರಾಫಿಕ್ಸ್ ಕಾರ್ಡ್ ಕೊಡುವ ವೇಗ ಮತ್ತು ಅದು ಕೊಡದಿರುವುದು

ಕೋನ್ ಬೀಮ್ ಸಿಟಿ ಯಂತ್ರವು ರೋಗಿಯ ಸುತ್ತ ತಿರುಗುತ್ತ ತೆಗೆದ ನೂರಾರು ಎಕ್ಸ್‌ರೇ ಚಿತ್ರಗಳಿಂದ ಮೂರು ಆಯಾಮದ ಚಿತ್ರವನ್ನು ಕಟ್ಟಿಕೊಡುವ ಉಚಿತ, ಮುಕ್ತ ತಂತ್ರಾಂಶ ಆರ್‌ಟಿಕೆ. ಇಂತಹ ಚಿತ್ರಗಳು ಬಳಕೆಯಾಗುವ ಪ್ರೋಟಾನ್ ಚಿಕಿತ್ಸೆಗಾಗಿ (ಕ್ಯಾನ್ಸರ್ ಗಡ್ಡೆಗೆ ಪ್ರೋಟಾನ್ ಕಣಗಳನ್ನು ಹಾಯಿಸುವ ಚಿಕಿತ್ಸೆ) ಬೆಂಗಳೂರಿನವರು ಚೆನ್ನೈನ ತರಮಣಿಗೆ ಹೋಗುವುದುಂಟು. ಆದರೆ ಈ ಚಿತ್ರಗಳ ಹಿಂದಿನ ಲೆಕ್ಕಾಚಾರವನ್ನು ಕಲಿಯಲು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಜೋಡಿಸಿಕೊಂಡ ಕಂಪ್ಯೂಟರ್ ಸಾಕು. ಗ್ರಾಫಿಕ್ಸ್ ಕಾರ್ಡ್ ಮಾತ್ರ ಎನ್‌ವಿಡಿಯಾ ಕಂಪನಿಯದ್ದೇ ಆಗಿರಬೇಕು, ಏಕೆಂದರೆ ವೇಗದ ಭಾಗವನ್ನೆಲ್ಲ ಆ ಕಂಪನಿಯ ಕಾರ್ಡುಗಳಿಗಾಗಿಯೇ ಇರುವ ಕುಡಾ ಎಂಬ ಪ್ರೋಗ್ರಾಮಿಂಗ್ ವ್ಯವಸ್ಥೆಯಲ್ಲಿ ಬರೆಯಲಾಗಿದೆ.

ಇದರ ಮುಖ್ಯ ವಿಧಾನ 1984ರಲ್ಲಿ ಫೆಲ್ಡ್‌ಕ್ಯಾಂಪ್, ಡೇವಿಸ್ ಮತ್ತು ಕ್ರೆಸ್ ಪ್ರಕಟಿಸಿದ ಎಫ್‌ಡಿಕೆ. ಪ್ರತಿ ಎಕ್ಸ್‌ರೇ ಚಿತ್ರವನ್ನು ಫಿಲ್ಟರ್ ಮಾಡಿ ವಾಕ್ಸೆಲ್‌ಗಳಿಗೆ (ಮೂರು ಆಯಾಮದ ಚಿತ್ರದ ಪುಟ್ಟ ಘನಗಳಿಗೆ) ಮರಳಿ ಹಂಚುವಾಗ ಒಂದು ವಾಕ್ಸೆಲ್ ಇನ್ನೊಂದಕ್ಕಾಗಿ ಕಾಯಬೇಕಿಲ್ಲವಾದ್ದರಿಂದ, ಸಾವಿರಾರು ಕೋರ್‌ಗಳ ಕಾರ್ಡಿಗೆ ಇದು ಹೇಳಿ ಮಾಡಿಸಿದ ಕೆಲಸ. ಹಾರ್ಡ್‌ವೇರ್ ಆಯ್ಕೆಯಲ್ಲಿ ಸಿಪಿಯು ಬದಲು ಕುಡಾ ಎಂದು ಕೊಟ್ಟರೆ, ಬೈಟು ಕಾಫಿ ಮುಗಿಸಿ ಬರುವಷ್ಟು ಹೊತ್ತು ಹಿಡಿಯುತ್ತಿದ್ದ ಲೆಕ್ಕ ಕುರ್ಚಿಯಿಂದ ಏಳುವ ಮೊದಲೇ ಮುಗಿದಿರುತ್ತದೆ. ಮೂರು ಆಯಾಮದ ಚಿತ್ರದಿಂದ ಎಕ್ಸ್‌ರೇಗೆ ಮುಮ್ಮುಖವಾಗಿ, ಎಕ್ಸ್‌ರೇಯಿಂದ ಮರಳಿ ಹಿಮ್ಮುಖವಾಗಿ ಲೆಕ್ಕಗಳನ್ನು ಮತ್ತೆ ಮತ್ತೆ ಮಾಡುವ ಸಾರ್ಟ್‌ನಂತಹ ವಿಧಾನಗಳಲ್ಲಂತೂ ಕಾರ್ಡ್ ಇಲ್ಲದೆ ಕೆಲಸ ಸಾಗದು.

ಕಾರ್ಡ್ ಕೊಳ್ಳುವವರು ಮೆಮೊರಿಯ ಲೆಕ್ಕವನ್ನು ತಾವೇ ಹಾಕಿಕೊಳ್ಳುವುದು ಒಳ್ಳೆಯದು. ಅಂಗಡಿಯವರು ಗೇಮಿಂಗ್ ಬಿಟ್ಟು ಬೇರೆ ಮಾತಾಡುವುದು ಕಡಿಮೆ. ಪ್ರತಿ ದಿಕ್ಕಿಗೆ 512 ವಾಕ್ಸೆಲ್, ತಲಾ 4 ಬೈಟ್ ಎಂದರೆ 512 ಎಂಬಿ. ಪ್ರತಿ ದಿಕ್ಕನ್ನೂ ದುಪ್ಪಟ್ಟು ಮಾಡಿದರೆ 4 ಜಿಬಿ. ಎಕ್ಸ್‌ರೇ ಚಿತ್ರಗಳನ್ನು ಆರ್‌ಟಿಕೆ ಒಮ್ಮೆಲೇ ತುಂಬದೆ ಕಂತುಗಳಲ್ಲಿ ತೆಗೆದುಕೊಳ್ಳುವುದರಿಂದ 8 ಜಿಬಿಯ ಕಾರ್ಡಿನಲ್ಲೂ ಸಾಮಾನ್ಯ ಕೆಲಸ ನಡೆಯುತ್ತದೆ. ಅನುಸ್ಥಾಪನೆಯಲ್ಲಿ ಕುಡಾ ಆವೃತ್ತಿಯನ್ನು ಹೊಂದಿಸಿಕೊಳ್ಳುವ ಕಿರಿಕಿರಿ ಇದ್ದೇ ಇದೆ.

ನನ್ನ ತಕರಾರು ಇರುವುದು ಈ ವೇಗವನ್ನು ನೋಡಿ ಪ್ರೋಟಾನ್ ಡೋಸ್ ಲೆಕ್ಕಕ್ಕೂ ಅದೇ ಚಿತ್ರವನ್ನು ನೇರವಾಗಿ ಬಳಸಲು ಹೊರಡುವವರ ಬಗ್ಗೆ. ಪ್ರೋಟಾನ್ ತಾನು ನಿಲ್ಲುವ ಜಾಗದ ಬಳಿ ಹೆಚ್ಚಿನ ಶಕ್ತಿಯನ್ನು ಸುರಿಯುತ್ತದೆ; ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಸಿಟಿ ಚಿತ್ರದ ಅಂಕಿಗಳಿಂದ ಅಂದಾಜಿಸಬೇಕು. ಚಿಕಿತ್ಸೆಯ ಯೋಜನೆಗೆಂದು ತೆಗೆದ ಒಳ್ಳೆಯ ಸಿಟಿ ಚಿತ್ರ ಇದ್ದಾಗಲೂ, ಈ ಅಂದಾಜು ತಪ್ಪಬಹುದೆಂದು ಆಳದ ಶೇ. 3.5ರಷ್ಟು ಅಂಚು ಬಿಡುವ ರೂಢಿಯಿದೆ, ಅಂದರೆ 20 ಸೆಂ.ಮೀ. ಆಳದಲ್ಲಿ 7 ಮಿ.ಮೀ. ಚದುರಿದ ಎಕ್ಸ್‌ರೇಗಳಿಂದ ಕೋನ್ ಬೀಮ್ ಚಿತ್ರದ ಅಂಕಿಗಳು ಇನ್ನಷ್ಟು ಕೆಡುತ್ತವೆ. ಆರ್‌ಟಿಕೆಯಲ್ಲಿ ಇದಕ್ಕೊಂದು ಸರಳ ತಿದ್ದುಪಡಿ ಇದ್ದರೂ ಡೋಸ್ ಲೆಕ್ಕಕ್ಕೆ ಅದು ಸಾಲದು. ತಪ್ಪು ಅಂಕಿಗಳನ್ನು ಕಾರ್ಡ್ ಬೇಗ ಕೊಡುತ್ತದೆ, ಅಷ್ಟೆ.

ರೋಗಿ ಮಲಗಿದ ಸ್ಥಾನ ಸರಿಯಿದೆಯೇ, ಗಡ್ಡೆ ಕರಗಿದೆಯೇ ಎಂದು ನೋಡುವ ವಿಧಾನಗಳ ಮೇಲೆ ಸಂಶೋಧನೆ ನಡೆಸುವವರಿಗೆ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಮೊದಲು ತಂತ್ರಾಂಶದ ಜೊತೆಗೇ ಬರುವ ಶೆಪ್-ಲೋಗನ್ ಎಂಬ ಪರೀಕ್ಷಾ ಮಾದರಿಯ ಮೇಲೆ ಸಿಪಿಯು ಮತ್ತು ಕುಡಾ ಎರಡರ ಫಲಿತಾಂಶವನ್ನೂ ತಾಳೆ ನೋಡಿಕೊಳ್ಳಿ.