ಬೆರಳಿಟ್ಟು ನೋಡುವ ಇಸಿಜಿ: ಯಂತ್ರ ಪರವಾಗಿಲ್ಲ, ಅದರ ಬಾಯಿಯೇ ಸರಿಯಿಲ್ಲ

ಎರಡೂ ಕೈ ಬೆರಳಿಟ್ಟರೆ ಮೊಬೈಲ್‌ನಲ್ಲಿ ಇಸಿಜಿ ಬರುತ್ತಲ್ಲ, ಆ ಪುಟ್ಟ ಪಟ್ಟಿಯ ಬಗ್ಗೆ ಇದು. ತೂಕ, ಬ್ಲೂಟೂತ್ ಎಲ್ಲಾ ಡಬ್ಬಿ ಮೇಲೇ ಇದೆ, ಓದಿಕೊಳ್ಳಿ. ನಾನು ವರ್ಷ ಎರಡಾಗುತ್ತಾ ಬಂತು, ದಿನಾ ಬಳಸುತ್ತಿದ್ದೇನೆ.

ನನಗಿರುವುದು ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ಕಾಯಿಲೆ. ಅದು ಬಂದಾಗ ನಾಡಿ ಹಿಡಿದರೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ, ಒಂದಕ್ಕೊಂದು ಲೆಕ್ಕವೇ ಇರುವುದಿಲ್ಲ. ತಮಾಷೆ ಏನೆಂದರೆ ರಾತ್ರಿ ಬಂದದ್ದು ಬೆಳಿಗ್ಗೆ ಲ್ಯಾಬ್ ಬಾಗಿಲು ತೆಗೆಯುವಷ್ಟರಲ್ಲಿ ಹೋಗಿರುತ್ತದೆ. 250 ರೂಪಾಯಿ ಕೊಟ್ಟು ‘ನಾರ್ಮಲ್’ ಅಂತ ಬರೆಸಿಕೊಂಡು ಬರೋದು. ದಿನವಿಡೀ ಇಸಿಜಿ ಬರೆದುಕೊಳ್ಳುವ ಹೋಲ್ಟರ್ ಯಂತ್ರ ಕಟ್ಟಿಸಿಕೊಂಡ ದಿನವಂತೂ ಎದೆ ಕಮಕ್ ಕಿಮಕ್ ಅನ್ನಲಿಲ್ಲ. ಇದು ನನ್ನೊಬ್ಬನ ಕಥೆಯಲ್ಲ. ಆಪಲ್ ವಾಚ್ ಇಟ್ಟುಕೊಂಡು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 4 ಲಕ್ಷಕ್ಕೂ ಹೆಚ್ಚು ಜನರ ಮೇಲೆ ನಡೆಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ನಾಡಿ ಏರುಪೇರಾಗಿದೆ ಅಂತ ವಾಚ್ ಎಚ್ಚರಿಸಿದವರಿಗೆ ಆಮೇಲೆ ಎದೆಗೆ ಇಸಿಜಿ ಪ್ಯಾಚ್ ಅಂಟಿಸಿ ನೋಡಿದರೆ, ಶೇ. 34 ಜನರಲ್ಲಿ ಮಾತ್ರ ಫಿಬ್ರಿಲೇಷನ್ ಸಿಕ್ಕಿತು. ಬಂದು ಹೋಗುವ ಕಾಯಿಲೆಯನ್ನು ಬಂದಾಗಲೇ ಹಿಡಿಯಬೇಕು. ಪಿಂಚಣಿಯಲ್ಲಿ ಲೆಕ್ಕ ಹಾಕಿ ಇದನ್ನು ಕೊಂಡದ್ದು ಅದಕ್ಕೇ.

ಬೆಳಿಗ್ಗೆ ಕಾಫಿಗೂ ಮೊದಲು ಇದರ ಪೂಜೆ. ಫೋನಿಂದ ಚಾರ್ಜರ್ ಕಿತ್ತು, ಊಟದ ಮೇಜಿನ ಮೇಲೆ ಮೊಣಕೈ ಊರಿ ಕೂರುತ್ತೇನೆ. ಅಡುಗೆಮನೆಯಿಂದ “ರೀ, ಆಯ್ತಾ? ಮಿಕ್ಸಿ ಹಾಕ್ಲಾ?” ಅಂತ ಕೂಗು. ಉತ್ತರ ಕೊಟ್ಟರೆ ಗೆರೆ ಅಲ್ಲಾಡುತ್ತದೆ, ಸುಮ್ನೆ ಇರಬೇಕು. 30 ಸೆಕೆಂಡ್ ಅಷ್ಟೇ. ಆ ಗೆರೆ ಹರಿಯುವುದನ್ನು ನೋಡುವುದೇ ಒಂದು ಖುಷಿ. ದೊಡ್ಡ ಮೊನೆ ಏಳುವ ಮುಂಚೆ ಒಂದು ಸಣ್ಣ ದಿಬ್ಬ ಬರಬೇಕು. ಅದು ಪಿ ಅಲೆ, ಹೃದಯದ ಮೇಲಿನ ಕೋಣೆಗಳಲ್ಲಿ ವಿದ್ಯುತ್ ಸರಿಯಾಗಿ ಹರಿದದ್ದಕ್ಕೆ ಗುರುತು. ಫಿಬ್ರಿಲೇಷನ್ ಇದ್ದಾಗ ಆ ದಿಬ್ಬವೇ ಇರುವುದಿಲ್ಲ, ಮೊನೆಗಳ ನಡುವಿನ ಅಂತರವೂ ಒಂದೊಂದು ಸಲ ಒಂದೊಂದು. ಈಗ ಆಪ್ ಬಾಯಿ ಬಿಡುವ ಮೊದಲೇ ನನ್ನ ಕಣ್ಣು ಆ ದಿಬ್ಬವನ್ನು ಹುಡುಕಿರುತ್ತದೆ.

ಆಪ್ ಬಾಯಿ ಬಿಟ್ಟಾಗಲೇ ತಲೆನೋವು. ‘ಅನ್‌ಕ್ಲಾಸಿಫೈಡ್’, ಅಂದರೆ ಇದು ಯಾವುದೆಂದು ಹೇಳಲು ತನಗೆ ಆಗದು ಅಂತ. ಮತ್ತೆ ಬೆರಳಿಟ್ಟರೆ ಮತ್ತೆ ಅದೇ. ಬೆರಳು ಒಣಗಿದ್ದಕ್ಕಾ, ನಡುವೆ ಒಂದು ಎಕ್ಸ್‌ಟ್ರಾ ಬೀಟ್ ಬಂದಿದ್ದಕ್ಕಾ, ಕೈ ನಡುಗಿದ್ದಕ್ಕಾ? ಹೇಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಎದೆ ಹಾರುತ್ತಿರುವಾಗ ಇದನ್ನು ಓದಿಕೊಂಡು ಕೂರಬೇಕು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ “ಆಪ್ ತೆಗೆದು ಮತ್ತೆ ಹಾಕಿ ಸರ್” ಅಂತಾರೆ. ಚಳಿಗಾಲದಲ್ಲಿ ಚರ್ಮ ಬಿರಿದಾಗ ಈ ಕಾಟ ಜಾಸ್ತಿ. ಕೊನೆಗೆ ದಾರಿ ತೋರಿಸಿದ್ದು ಲ್ಯಾಬ್‌ನಲ್ಲಿ ಇಸಿಜಿ ತೆಗೆಯುವ ಹುಡುಗಿ: “ಅಂಕಲ್, ಬೆರಳು ಸ್ವಲ್ಪ ಒದ್ದೆ ಮಾಡ್ಕೊಳ್ಳಿ.” ಅಷ್ಟೇ! ಗೀಚು ಗೀಚಾಗಿದ್ದ ಗೆರೆ ನೆಟ್ಟಗಾಯಿತು. ಇದೇನು ಹೊಸ ವಿದ್ಯೆಯಲ್ಲ. ಇಸಿಜಿಗಾಗಿ 1924ರಲ್ಲಿ ನೊಬೆಲ್ ಪಡೆದ, ನೆದರ್ಲೆಂಡ್ಸ್‌ನ ಲೈಡನ್‌ ಊರಿನ ವಿಲ್ಲೆಮ್ ಐಂಥೋವನ್ ರೋಗಿಗಳ ಕೈಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಳಿಬಿಡಿಸುತ್ತಿದ್ದರು. ಎರಡು ಕೈಗಳ ನಡುವೆ ಅವರು ಅಳೆದದ್ದಕ್ಕೆ ಲೀಡ್ 1 ಅಂತ ಹೆಸರು. ನನ್ನ ಪಟ್ಟಿ ತೋರಿಸುವುದೂ ಅದನ್ನೇ. ಬೆರಳು ಒದ್ದೆ ಮಾಡಿ ಅನ್ನುವ ಇಷ್ಟನ್ನು ಡಬ್ಬಿಯೊಳಗಿನ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಹಾಕಲು ಏನು ಕಷ್ಟವಿತ್ತೋ!

ಮಾರಿಬಿಡೋಣ ಅಂತಲೂ ಅನ್ನಿಸಿತ್ತು. ಮನಸ್ಸು ಬದಲಾದದ್ದು ಡಾಕ್ಟರ್ ಮುಂದೆ. ಅವರು ಆಪ್ ಹೇಳಿದ್ದನ್ನು ಓದಲೇ ಇಲ್ಲ. “ಅದು ಬಿಡಿ, ಗೆರೆ ತೋರಿಸಿ” ಅಂದರು. ‘ಅನ್‌ಕ್ಲಾಸಿಫೈಡ್’ ಅಂತ ನಾನು ಬೈದುಕೊಂಡಿದ್ದ ಒಂದರಲ್ಲೇ ಫಿಬ್ರಿಲೇಷನ್ ಸ್ಪಷ್ಟವಾಗಿತ್ತಂತೆ. ಮೇಲಿನ ಎಡಕೋಣೆಯ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಸ್ಟ್ರೋಕ್, ಈ ಕಾಯಿಲೆಯಲ್ಲಿ ಭಯ ಅದೇ. ನನ್ನ ವಯಸ್ಸು, ಬಿಪಿ, ಶುಗರ್ ಎಲ್ಲಾ ಕೂಡಿಸಿ ನೋಡಿ ರಕ್ತ ತೆಳುವಾಗುವ ಮಾತ್ರೆ ಶುರು ಮಾಡಿದರು. ಹಾಗಾಗಿ ಗೆರೆಗೆ ಪೂರ್ತಿ ಅಂಕ, ಆಪ್‌ನ ತೀರ್ಪಿಗೆ ಪಾಸಾಗುವಷ್ಟೂ ಇಲ್ಲ. ಐದಕ್ಕೆ ಮೂರೂವರೆ.

ಒಂದು ಮಾತು: ಹಾರ್ಟ್ ಅಟ್ಯಾಕ್ ನೋಡಲು ಇದನ್ನು ನಂಬಬೇಡಿ. ಆಸ್ಪತ್ರೆಯ ಇಸಿಜಿಯಲ್ಲಿ 12 ಲೀಡ್, ಅಂದರೆ ಹೃದಯವನ್ನು 12 ಕೋನದಿಂದ ನೋಡಿದ ಹಾಗೆ; ಇದರಲ್ಲಿ ಒಂದೇ. ಎದೆ ನೋವು ಬಂದರೆ ಪಟ್ಟಿ ಹುಡುಕುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ, ಅದು ‘ನಾರ್ಮಲ್’ ಅಂದಿದ್ದರೂ ಸರಿ.

ಇನ್ನು ಆ ಚಂದಾ. ಹಳೇ ಗೆರೆಗಳೆಲ್ಲ ಆಪ್‌ನಲ್ಲೇ ಇರಬೇಕಾದರೆ ವರ್ಷಕ್ಕಿಷ್ಟು ಅಂತ ಕಟ್ಟಬೇಕಂತೆ. ನನ್ನ ಎದೆಯ ಗೆರೆಗೆ ನಾನೇ ಬಾಡಿಗೆ ಕೊಡಬೇಕಾ? ಕಟ್ಟಿಲ್ಲ. ಗೆರೆ ಬಂದ ತಕ್ಷಣ ಪಿಡಿಎಫ್ ಮಾಡಿ ಮಗಳಿಗೆ ವಾಟ್ಸಾಪ್ ಮಾಡುತ್ತೇನೆ. ಅವಳ ಫೋನ್ ತುಂಬಿಹೋಯಿತಂತೆ, ಪೆನ್‌ಡ್ರೈವ್ ತಗೊಳ್ಳಪ್ಪಾ ಅಂತಿದ್ದಾಳೆ.