ಐಬಿಎಸ್‌ಗೆ ಎಲೆಕ್ಟ್ರೋಅಕ್ಯುಪಂಕ್ಚರ್: ನೋವಿಗೆ ಆಸರೆ, ಭೇದಿಗೆ ಅಲ್ಲ

ಭೇದಿ ಹೆಚ್ಚಾಗಿ ಕಾಡುವ ಬಗೆಯ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್ ಎಂಬ ಕರುಳಿನ ಕಾಯಿಲೆ) ಇದೆ ಎಂದು ವೈದ್ಯರು ಖಚಿತಪಡಿಸಿದ ಮೇಲೆ, ಆಹಾರದ ಪಥ್ಯ, ಕರಗುವ ನಾರು ಮತ್ತು ಸೆಳೆತ ತಗ್ಗಿಸುವ ಮಾತ್ರೆಗಳ ಜೊತೆಗೆ ನಾನು ಚುಚ್ಚಿದ ಸೂಜಿಗಳ ಮೂಲಕ ಸಣ್ಣ ಪ್ರಮಾಣದ ವಿದ್ಯುತ್ತು ಹಾಯಿಸುವ ಎಲೆಕ್ಟ್ರೋಅಕ್ಯುಪಂಕ್ಚರ್ ತೆಗೆದುಕೊಳ್ಳುತ್ತಾ ಬಂದು ಕೆಲವು ವರ್ಷಗಳಾದವು. ಹೊಟ್ಟೆನೋವಿನ ಮಟ್ಟಿಗೆ ಇದು ನನಗೆ ನಿಜವಾಗಿಯೂ ನೆರವಾಗಿದೆ. ಭೇದಿಯ ಮಟ್ಟಿಗೆ ಹೆಚ್ಚೇನೂ ಮಾಡಿಲ್ಲ. ಈ ಎರಡನ್ನೂ ಬೇರ್ಪಡಿಸಿ ನೋಡದೆ ಯಾರೂ ಈ ಚಿಕಿತ್ಸೆಗೆ ಹಣವನ್ನಾಗಲಿ ಸಮಯವನ್ನಾಗಲಿ ವ್ಯಯಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಾಮಾನ್ಯವಾಗಿ ಹೊಕ್ಕುಳಿನ ಎರಡೂ ಪಕ್ಕಗಳಲ್ಲಿ ಸುಮಾರು ಮೂರು ಬೆರಳು ದೂರದಲ್ಲಿರುವ ತಿಯಾನ್‌ಷು, ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ ಹೊರಮಗ್ಗುಲಿನಲ್ಲಿರುವ ಜುಸಾನ್‌ಲಿ, ಅದಕ್ಕಿಂತ ಮತ್ತೆ ನಾಲ್ಕು ಬೆರಳು ಕೆಳಗಿನ ಶಾಂಗ್‌ಜುಶು ಎಂಬ ಬಿಂದುಗಳಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಸೂಜಿಗಳನ್ನು ಚುಚ್ಚುತ್ತಾರೆ. ಚುಚ್ಚಿದ ಜಾಗದಲ್ಲಿ ಮೊದಲು ಭಾರವಾದಂತೆ, ಒಳಗೊಳಗೇ ಜಗ್ಗಿದಂತೆ ಅನಿಸುತ್ತದೆ. ಆಮೇಲೆ ಸೂಜಿಯ ಹಿಡಿಗೆ ಸಣ್ಣ ಕ್ಲಿಪ್ ಸಿಕ್ಕಿಸಿ ಯಂತ್ರದ ಗುಂಡಿಯನ್ನು ನಿಧಾನವಾಗಿ ತಿರುಗಿಸಿದಾಗ, 2 ಹರ್ಟ್ಸ್‌ನಲ್ಲಿ ಕಾಲಿನ ಸ್ನಾಯು ಸೆಕೆಂಡಿಗೆ ಎರಡು ಬಾರಿ ಮಿಡಿಯುವುದು ಕಣ್ಣಿಗೇ ಕಾಣುತ್ತದೆ. 100 ಹರ್ಟ್ಸ್‌ಗೆ ಬದಲಾದರೆ ಆ ಮಿಡಿತ ಕರಗಿ ಒಂದೇ ಸಮನಾದ ಝುಮುಝುಮು ಆಗುತ್ತದೆ. ಕಡಿಮೆ ಆವರ್ತನದಲ್ಲಿ ಎನ್‌ಕೆಫಾಲಿನ್‌ನಂಥ, ಹೆಚ್ಚಿನ ಆವರ್ತನದಲ್ಲಿ ಡೈನಾರ್ಫಿನ್ ಎಂಬ ನೋವು ತಗ್ಗಿಸುವ ರಾಸಾಯನಿಕಗಳು ನರಮಂಡಲದಲ್ಲಿ ಬಿಡುಗಡೆಯಾಗುತ್ತವೆ ಎಂದು ಚೀನಾದ ವಿಜ್ಞಾನಿ ಹಾನ್ ಜಿಶೆಂಗ್ ಅವರ ಸಂಶೋಧನೆ ತೋರಿಸಿದೆ. ಎರಡನ್ನೂ ಬದಲಿಸುತ್ತಾ ಕೊಡುವ ಪದ್ಧತಿಗೆ ಆಧಾರ ಅದೇ. ವಿದ್ಯುತ್ತು ಹೆಚ್ಚಿದಷ್ಟೂ ಗುಣ ಹೆಚ್ಚು ಎಂದು ಭಾವಿಸಿ ನೋವನ್ನು ಸಹಿಸಿಕೊಳ್ಳುವ ಅಗತ್ಯ ಖಂಡಿತ ಇಲ್ಲ.

ಐಬಿಎಸ್ ತಾನಾಗಿಯೇ ಏರಿಳಿಯುವ ಕಾಯಿಲೆ. ತೀರಾ ಹದಗೆಟ್ಟಾಗ ಚಿಕಿತ್ಸೆ ಆರಂಭಿಸಿದವರಿಗೆ ಮುಂದೆ ಬರುವ ಸಹಜ ಇಳಿಕೆಯೂ ಸೂಜಿಯ ಫಲವೆಂದೇ ತೋರುತ್ತದೆ. ಆದ್ದರಿಂದ ನೆನಪನ್ನು ನಂಬದೆ, ಐಬಿಎಸ್ ತೀವ್ರತೆಯ ಅಂಕಪಟ್ಟಿಯನ್ನು ನಿಯಮಿತವಾಗಿ ತುಂಬಿಡುವುದು ಒಳ್ಳೆಯದು. ನೋವಿನ ತೀವ್ರತೆ, ನೋವಿದ್ದ ದಿನಗಳು, ಹೊಟ್ಟೆಯುಬ್ಬರ, ಮಲವಿಸರ್ಜನೆಯ ಬಗೆಗಿನ ಅತೃಪ್ತಿ, ನಿತ್ಯಜೀವನಕ್ಕಾಗುವ ಅಡ್ಡಿ ಎಂಬ ಐದು ಅಂಶಗಳಿಗೆ ಒಟ್ಟು 500 ಅಂಕಗಳಿದ್ದು, 50 ಅಂಕ ಇಳಿದರೆ ಅದನ್ನು ಅರ್ಥಪೂರ್ಣ ಸುಧಾರಣೆ ಎಂದು ಪರಿಗಣಿಸುತ್ತಾರೆ. ನನ್ನ ಪಟ್ಟಿಯಲ್ಲಿ ಇಳಿದದ್ದು ಮುಖ್ಯವಾಗಿ ಮೊದಲ ಎರಡು ಸಾಲುಗಳು. ಊಟವಾದ ಮೇಲೆ ಹೊಟ್ಟೆ ನುಲಿಯುವುದು ಮೃದುವಾಯಿತು, ನೋವಿನ ಹೆದರಿಕೆಯಿಂದ ಊಟವನ್ನೇ ಮುಂದೂಡುವುದು ತಪ್ಪಿತು. ಉಬ್ಬರ ಸ್ವಲ್ಪ ತಗ್ಗಿತು. ಆದರೆ ಬೆಳಗ್ಗೆ ಶೌಚಕ್ಕೆ ಓಡುವ ಅವಸರ ಹಾಗೆಯೇ ಉಳಿಯಿತು, ಮಲದ ಸ್ವರೂಪವನ್ನು ಗಟ್ಟಿಯಿಂದ ನೀರಿನವರೆಗೆ 1ರಿಂದ 7ರ ಅಂಕಗಳಲ್ಲಿ ಗುರುತಿಸುವ ಬ್ರಿಸ್ಟಲ್ ಮಾಪಕದಲ್ಲಿ ಅದು 6ರ ಆಸುಪಾಸಿನಿಂದ ಕದಲಲಿಲ್ಲ. ಚಿಕಿತ್ಸೆ ನಿಲ್ಲಿಸಿದ ಕೆಲವು ವಾರಗಳಲ್ಲಿ ನೋವೂ ಮೆಲ್ಲಗೆ ಮರಳುತ್ತದೆ.

ಅಧ್ಯಯನಗಳು ಹೇಳುವುದನ್ನೂ ಓದುಗರು ಎದುರಿಸಬೇಕು. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2012ರ ಪರಾಮರ್ಶೆ ಐಬಿಎಸ್‌ಗೆ ಅಕ್ಯುಪಂಕ್ಚರ್ ಕುರಿತ 17 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ನಕಲಿ ಸೂಜಿಚಿಕಿತ್ಸೆಯೊಂದಿಗೆ ಹೋಲಿಸಿದಾಗ ನಿಜವಾದದ್ದು ಮೇಲು ಎಂದು ಕಂಡುಬರಲಿಲ್ಲ. ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ನೀಡುವ ಬ್ರಿಟನ್ನಿನ ನೈಸ್ ಸಂಸ್ಥೆ 2008ರಲ್ಲೇ ಐಬಿಎಸ್‌ಗೆ ಇದನ್ನು ಪ್ರೋತ್ಸಾಹಿಸಬಾರದು ಎಂದಿತು. ನನಗೆ ಇನ್ನೂ ಮುಖ್ಯವಾಗಿ ತೋರುವುದು ಅದೇ ವರ್ಷ ಸಂಶೋಧಕ ಟೆಡ್ ಕಾಪ್ಚುಕ್ ಮತ್ತು ಸಂಗಡಿಗರು 262 ರೋಗಿಗಳ ಮೇಲೆ ನಡೆಸಿದ ಪ್ರಯೋಗ: ಕಾಯುವ ಪಟ್ಟಿಯಲ್ಲಷ್ಟೇ ಇದ್ದವರಲ್ಲಿ ಶೇ. 28, ನಕಲಿ ಸೂಜಿ ಪಡೆದವರಲ್ಲಿ ಶೇ. 44, ನಕಲಿ ಸೂಜಿಯ ಜೊತೆಗೆ ಚಿಕಿತ್ಸಕರ ಆತ್ಮೀಯ ಮಾತುಕತೆಯೂ ಸಿಕ್ಕವರಲ್ಲಿ ಶೇ. 62 ಮಂದಿಗೆ ಮೂರು ವಾರಗಳಲ್ಲಿ ಸಾಕಷ್ಟು ಉಪಶಮನ ದೊರೆತಿತ್ತು. ನನಗೆ ಸಿಕ್ಕ ನೆಮ್ಮದಿಯಲ್ಲಿ ಎಷ್ಟು ಪಾಲು ವಿದ್ಯುತ್ತಿನದು, ಎಷ್ಟು ಪಾಲು ಗಮನವಿಟ್ಟು ಕೇಳುವ ಚಿಕಿತ್ಸಕರದು ಎಂದು ಬಿಡಿಸಿ ಹೇಳುವುದು ಸಾಧ್ಯವಿಲ್ಲ. ಹಾಗೆಂದು ಆ ನೆಮ್ಮದಿ ಸುಳ್ಳಾಗುವುದಿಲ್ಲ. ಮಿದುಳು ಮತ್ತು ಕರುಳಿನ ನಡುವಿನ ಸಂವಹನವೇ ಏರುಪೇರಾಗಿರುವ ಈ ಕಾಯಿಲೆಯಲ್ಲಿ ಅವೆರಡನ್ನೂ ಹಗುರವಾಗಿ ಕಾಣುವಂತಿಲ್ಲ.

ಮಲಬದ್ಧತೆಯವರು 2016ರಲ್ಲಿ ಚೀನಾದಲ್ಲಿ 1075 ಜನರ ಮೇಲೆ ನಡೆದ ಪ್ರಯೋಗವನ್ನು ಉಲ್ಲೇಖಿಸುವುದುಂಟು. ಅದರಲ್ಲಿ ಎಲೆಕ್ಟ್ರೋಅಕ್ಯುಪಂಕ್ಚರ್ ನಕಲಿ ಚಿಕಿತ್ಸೆಗಿಂತ ಸ್ಪಷ್ಟವಾಗಿ ಮೇಲಾಗಿತ್ತು. ಆದರೆ ಅದು ತೀವ್ರವಾದ ದೀರ್ಘಕಾಲದ ಮಲಬದ್ಧತೆಯ ಅಧ್ಯಯನ, ಐಬಿಎಸ್‌ನದಲ್ಲ.

ಪೇಸ್‌ಮೇಕರ್ ಇರುವವರು ಇದನ್ನು ಮಾಡಿಸಿಕೊಳ್ಳಬಾರದು. ಗರ್ಭಿಣಿಯರು, ಅಪಸ್ಮಾರ ಇರುವವರು, ರಕ್ತ ತೆಳುಗೊಳಿಸುವ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಒಮ್ಮೆ ಬಳಸಿ ಎಸೆಯುವ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ತೆರೆಯಬೇಕೆಂದು ಕೇಳಲು ಸಂಕೋಚ ಬೇಡ. ಮಲದಲ್ಲಿ ರಕ್ತ, ಕಾರಣವಿಲ್ಲದ ತೂಕ ಇಳಿಕೆ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ ಇವುಗಳಲ್ಲಿ ಒಂದಾದರೂ ಇದ್ದರೆ ಮೊದಲು ಆಗಬೇಕಾದದ್ದು ತಪಾಸಣೆ. ನಾನಂತೂ ಈಗ ನೋವು ಉಲ್ಬಣಿಸಿದ ಅವಧಿಗಳಲ್ಲಿ ಮಾತ್ರ ಇದನ್ನು ಪಡೆಯುತ್ತೇನೆ, ನಾರು ಮತ್ತು ಪಥ್ಯವನ್ನು ಎಂದೂ ಬಿಡುವುದಿಲ್ಲ, ಭೇದಿಗೆ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನೇ ಅವಲಂಬಿಸುತ್ತೇನೆ.